ರೋಗನಿರೋಧಕ ಶಕ್ತಿ: ನನ್ನ ಪಾಠದ ಒಂದು ತಪ್ಪು ವಾಕ್ಯ

ಬೋಧನಾಭ್ಯಾಸಕ್ಕಾಗಿ ನಾನು ಶಿವಮೊಗ್ಗದಿಂದ ಭದ್ರಾವತಿಯ ಪ್ರೌಢಶಾಲೆಯೊಂದಕ್ಕೆ ದಿನವೂ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಂಬತ್ತನೆಯ ತರಗತಿ, ರೋಗನಿರೋಧಕ ಶಕ್ತಿಯ ಪಾಠ. "ಈ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು" ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಚಿಕ್ಕಪ್ಪನಿಗೆ ಡೆಂಗಿ ಬಂದು, ಅದು 'ಎಚ್‌ಎಲ್‌ಎಚ್'ಗೆ ತಿರುಗಿತಂತೆ. ವೈದ್ಯರು ಈ ಶಕ್ತಿಯನ್ನು ತಗ್ಗಿಸುವ ಔಷಧಿ ಕೊಟ್ಟರು, ಆದರೂ ಅವರು ಉಳಿಯಲಿಲ್ಲ. "ಔಷಧಿಯಿಂದಲೇ ಹೋದರು ಅಂತ ಅಜ್ಜಿ ಹೇಳ್ತಾರೆ. ನಿಜವಾ ಟೀಚರ್?" ನನ್ನ ವಾಕ್ಯ ಅಜ್ಜಿಯ ಮಾತಿಗೆ ಸಾಕ್ಷಿ ಹೇಳುತ್ತಿತ್ತು. ಉತ್ತರಕ್ಕೆ ಒಂದು ವಾರ ಕೇಳಿದೆ.

ಹೀಮೋಫ್ಯಾಗೊಸೈಟಿಕ್ ಲಿಂಫೋಹಿಸ್ಟಿಯೋಸೈಟೋಸಿಸ್ ಎಂಬುದು ಪೂರ್ಣ ಹೆಸರು. ಇದು ಅಪರೂಪದ ಕಾಯಿಲೆ. ಜೀವಕೋಶಗಳು ಪರಸ್ಪರ ಕಳಿಸುವ ಪ್ರೋಟೀನ್ ಸಂದೇಶಗಳೇ ಸೈಟೊಕೈನ್‌ಗಳು. ಸಾಮಾನ್ಯವಾಗಿ ಟಿ ಜೀವಕೋಶವು ಸೋಂಕಿತ ಕೋಶಕ್ಕೆ ಪರ್ಫೊರಿನ್‌ನಿಂದ ರಂಧ್ರ ಕೊರೆದು ಕೊಲ್ಲುತ್ತದೆ, ಆಮೇಲೆ ಬಿಟ್ಟು ಸರಿಯುತ್ತದೆ. ಹುಟ್ಟಿನಿಂದಲೇ ಪರ್ಫೊರಿನ್ ದೋಷವಿದ್ದರೆ ಕೊಲ್ಲಲಾಗದೆ ಅಂಟಿಕೊಂಡೇ ಇದ್ದು, ಇಂಟರ್‌ಫೆರಾನ್ ಗಾಮಾ ಎಂಬ ಸೈಟೊಕೈನನ್ನು ಸುರಿಸುತ್ತಲೇ ಇರುತ್ತದೆ. ಅದರಿಂದ ಕೆರಳಿದ ಮ್ಯಾಕ್ರೊಫೇಜ್‌ಗಳು ಇಂಟರ್‌ಲ್ಯೂಕಿನ್-6 ಮುಂತಾದವನ್ನು ಸೇರಿಸುತ್ತವೆ. ಜ್ವರ ಇಳಿಯದು, ಗುಲ್ಮ ಊದುತ್ತದೆ, ಮ್ಯಾಕ್ರೊಫೇಜ್‌ಗಳು ನಮ್ಮದೇ ರಕ್ತಕಣಗಳನ್ನು ನುಂಗುತ್ತವೆ. ದೊಡ್ಡವರಲ್ಲಿ ಸೋಂಕು, ಕ್ಯಾನ್ಸರ್ ಮುಂತಾದವೂ ಇದೇ ಬಿರುಗಾಳಿ ಎಬ್ಬಿಸಬಲ್ಲವು.

2004ರಲ್ಲಿ ಪ್ರಕಟವಾದ ಪ್ರಯೋಗವೊಂದು ನನಗೆ ದಾರಿ ತೋರಿಸಿತು. ಪರ್ಫೊರಿನ್ ಇಲ್ಲದ ಇಲಿಗಳಿಗೆ ವೈರಸ್ ಸೋಂಕು ತಗುಲಿಸಿ ಇಂಟರ್‌ಫೆರಾನ್ ಗಾಮಾ ಒಂದನ್ನು ತಡೆದಾಗ ಅವು ಬದುಕಿದವು. ಅಂದರೆ ಕೊಲ್ಲುತ್ತಿದ್ದುದು ವೈರಸ್ಸಿಗಿಂತ ಹೆಚ್ಚಾಗಿ ನಿಲ್ಲದ ಸಂದೇಶ. ಅದನ್ನೇ ತಡೆಯುವ ಎಮಪಾಲುಮ್ಯಾಬ್ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ತರಗತಿಯಲ್ಲಿ ಚೀಟಿ ಆಟ ಆಡಿಸಿದೆ. 'ಸಾಕು' ಎನ್ನುವ ಹುಡುಗನನ್ನು ಹೊರಗೆ ಕಳಿಸಿದ ಮೇಲೆ ಚೀಟಿಗಳು ಮೇಜು ತುಂಬಿದವು. ಗದ್ದಲ ಜಾಸ್ತಿಯಾಯಿತು, ಮಾರ್ಗದರ್ಶಕರು ಅಂಕ ಕಳೆದರು. ಇನ್ನೊಂದು ತೊಡಕು: ಈ ಕಾಯಿಲೆಯಲ್ಲಿ ಫೆರಿಟಿನ್ 500 ನ್ಯಾನೊಗ್ರಾಂ ದಾಟುತ್ತದೆ, ಎಷ್ಟೋ ಸಲ ಹತ್ತು ಸಾವಿರ ಮೀರುತ್ತದೆ ಎಂದಾಗ, ಕಬ್ಬಿಣದ ಕಾರ್ಖಾನೆಯ ಊರಿನ ಮಕ್ಕಳು "ಮೈಯಲ್ಲಿ ಕಬ್ಬಿಣ ಜಾಸ್ತಿಯಾ?" ಎಂದರು. ಅಲ್ಲ, ಇಲ್ಲಿ ಅದು ಉರಿಯೂತದ ಗುರುತು. ಸಾಮಾನ್ಯ ಡೆಂಗಿಗೆ ಸ್ಟಿರಾಯ್ಡ್ ಬೇಕಿಲ್ಲ ಎಂಬುದನ್ನೂ ಒತ್ತಿ ಹೇಳಬೇಕಾಯಿತು.

ಹುಡುಗಿಗೆ ಬೇರೆಯಾಗಿ ಹೇಳಿದೆ: ಆ ಔಷಧಿ ಕೊಟ್ಟದ್ದು ಬಿರುಗಾಳಿಯನ್ನು ತಗ್ಗಿಸಲು, ಚಿಕಿತ್ಸೆ ಸಿಕ್ಕರೂ ಈ ಕಾಯಿಲೆ ಅನೇಕರನ್ನು ಕೊಲ್ಲುತ್ತದೆ. ಅವಳು ಹಲಗೆಯ ಚಿತ್ರವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಅಜ್ಜಿಗೆ ತೋರಿಸುತ್ತೇನೆ ಎಂದಳು.