ಬೆನ್ನುಹುರಿ ಗಾಯಕ್ಕೆ ಲೇಸರ್: ಬೆಳಕು ಒಳಗೆ ಮಾಡುವುದೇನು?

ಅಡಿಕೆ ಮರದಿಂದ ಬಿದ್ದವರು, ಬೈಕ್ ಅಪಘಾತದಲ್ಲಿ ಸೊಂಟದ ಕೆಳಗಿನ ಬಲ ಕಳೆದುಕೊಂಡವರು, ಗಲ್ಫ್‌ನಲ್ಲಿ ಕಟ್ಟಡದ ಕೆಲಸದ ವೇಳೆ ಬಿದ್ದು ಸ್ಟ್ರೆಚರಿನಲ್ಲಿ ಊರಿಗೆ ಬಂದವರು ನಮ್ಮ ಕರಾವಳಿಗೆ ಹೊಸಬರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ 1.5 ಕೋಟಿಗೂ ಹೆಚ್ಚು ಮಂದಿ ಬೆನ್ನುಹುರಿಯ ಗಾಯದೊಂದಿಗೆ ಬದುಕುತ್ತಿದ್ದಾರೆ. ಇಂಥ ಮನೆಗೆ ಯಾರಾದರೂ ಬಂದು "ಲೇಸರ್ ಟ್ರೀಟ್‌ಮೆಂಟ್ ಉಂಟಂತೆ, ಎದ್ದು ನಡೆಯುತ್ತಾರಂತೆ" ಎಂದರೆ ಉಮ್ಮನ ಕೈ ಮೊದಲು ಹೋಗುವುದು ಬಳೆಗೆ. ಬಳೆ ಅಂಗಡಿಗೆ ಹೋಗುವ ಮೊದಲು ಈ ಚಿಕಿತ್ಸೆ ಎಲ್ಲಿಯವರೆಗೆ ಬಂದಿದೆ ಎಂದು ನಾವು ತಿಳಿದುಕೊಳ್ಳಬೇಕು.

ಇದು ಕೊಯ್ಯುವ, ಸುಡುವ ಲೇಸರ್ ಅಲ್ಲ. ಕಡಿಮೆ ಶಕ್ತಿಯ ಕೆಂಪು ಬೆಳಕು, ಅಥವಾ ಕಣ್ಣಿಗೆ ಸರಿಯಾಗಿ ಕಾಣದ ಅವಕೆಂಪು ಬೆಳಕು. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಕೂದಲು ಬೋಳಿಸಿದ ಇಲಿಗಳ ಮೇಲೆ ಇಂಥ ಲೇಸರ್ ಬಿಟ್ಟಾಗ ಕೂದಲು ಬೇಗ ಬೆಳೆಯಿತು. ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಈ ಬೆಳಕನ್ನು ಹೀರಿಕೊಂಡು ಚುರುಕಾಗುತ್ತದೆ ಎಂಬುದು ವಿಜ್ಞಾನಿಗಳು ಹೆಚ್ಚಾಗಿ ಕೊಡುವ ವಿವರಣೆ.

2005ರಲ್ಲಿ ಅಮೆರಿಕದ ಕಿಂಬರ್ಲಿ ಬಿರ್ನ್ಸ್, ವಾನಿಟಾ ಆಂಡರ್ಸ್ ಮತ್ತು ಸಂಗಡಿಗರು ಬೆನ್ನುಹುರಿಗೆ ಗಾಯವಾದ ಇಲಿಗಳ ಮೇಲೆ 14 ದಿನ 810 ನ್ಯಾನೊಮೀಟರ್ ಬೆಳಕು ಹಾಯಿಸಿದರು. ಬೆಳಕು ಸಿಕ್ಕ ಇಲಿಗಳಲ್ಲಿ ನರದ ಎಳೆಗಳು ಹೆಚ್ಚು ಬೆಳೆದವು, ನಡಿಗೆಯ ಕೆಲವು ಅಂಶಗಳು ಸುಧಾರಿಸಿದವು. ಆದರೆ ಇನ್ನೊಂದು ಲೆಕ್ಕವೂ ಅಲ್ಲೇ ಉಂಟು: ಚರ್ಮದ ಮೇಲೆ ಬಿಟ್ಟ ಬೆಳಕಿನಲ್ಲಿ ಬೆನ್ನುಹುರಿಯ ತನಕ ತಲುಪಿದ್ದು ಸುಮಾರು ಶೇ. 6 ಮಾತ್ರ. ಅದೂ ಇಲಿಯ ಬೆನ್ನಿನಲ್ಲಿ. ಮನುಷ್ಯನ ಬೆನ್ನಿನ ಮಾಂಸ, ಎಲುಬು ಎಷ್ಟು ದಪ್ಪ ಅಂತ ಹೇಳಬೇಕಾಗಿಲ್ಲ.

ಕತ್ತಲಲ್ಲಿ ಟಾರ್ಚನ್ನು ಬೆರಳಿಗೆ ಒತ್ತಿ ಹಿಡಿದರೆ ಆಚೆ ಕಡೆ ಕೆಂಪು ಮಾತ್ರ ಕಾಣುತ್ತದೆ. ಉಳಿದ ಬಣ್ಣಗಳನ್ನು ರಕ್ತ ನುಂಗಿರುತ್ತದೆ. ಹಾಗಾದರೆ ಬೆಳಕು ಒಳಗೆ ಹೋಗಿ ಏನು ಮಾಡಿತು ಅಂತ ನೋಡುವುದು ಹೇಗೆ? ಇಲ್ಲಿಗೆ ಬರುವುದು ಸ್ಪೆಕ್ಟ್ರಲ್ ಇಮೇಜಿಂಗ್.

ನಮ್ಮ ಮೊಬೈಲ್ ಕ್ಯಾಮರಾ ಕೆಂಪು, ಹಸಿರು, ನೀಲಿ ಎಂಬ ಮೂರೇ ಬಣ್ಣಗಳಲ್ಲಿ ಚಿತ್ರ ಕಟ್ಟುತ್ತದೆ. ಸ್ಪೆಕ್ಟ್ರಲ್ ಕ್ಯಾಮರಾ ಅದೇ ಬೆಳಕನ್ನು ಹತ್ತಾರು, ಕೆಲವೊಮ್ಮೆ ನೂರಾರು ಎಳೆಗಳಾಗಿ ಬಿಡಿಸುತ್ತದೆ. ಇಸ್ರೋ 2018ರಲ್ಲಿ ಹಾರಿಸಿದ ಹೈಸಿಸ್ ಉಪಗ್ರಹ ಭೂಮಿಯನ್ನು ನೋಡುವುದು ಇದೇ ಉಪಾಯದಿಂದ. ಪ್ರಯೋಗಾಲಯದಲ್ಲಿ ಹೊಲದ ಬದಲು ನರದ ತುಂಡು ಇರುತ್ತದೆ, ಅಷ್ಟೇ. ಆಮ್ಲಜನಕ ತುಂಬಿದ ರಕ್ತ, ಆಮ್ಲಜನಕ ಕಳೆದುಕೊಂಡ ರಕ್ತ ಬೇರೆ ಬೇರೆ ಬಣ್ಣ ಹೀರುತ್ತವೆ. ಹಾಗಾಗಿ ಗಾಯದ ಯಾವ ಭಾಗಕ್ಕೆ ಉಸಿರು ಸಿಗುತ್ತಿದೆ, ಯಾವುದು ಸಾಯುತ್ತಿದೆ ಎಂದು ನಕ್ಷೆಯಂತೆ ಬಿಡಿಸಬಹುದು. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮವನ್ನು ಆಧರಿಸಿದ ವಿಧಾನಗಳಿಂದ ನರದ ಮೇಲಿನ ಕೊಬ್ಬಿನ ಹೊದಿಕೆ ಮೈಲಿನ್ ಉಳಿದಿದೆಯೋ ಹಾಳಾಗಿದೆಯೋ ಎಂಬುದೂ ಬಣ್ಣ ಹಚ್ಚದೆ ಕಾಣುತ್ತದೆ. ಲೇಸರ್ ಕೊಟ್ಟ ಇಲಿ, ಕೊಡದ ಇಲಿ ಎರಡನ್ನೂ ಹೀಗೆ ಹೋಲಿಸಿದರೆ ಬೆಳಕಿನಿಂದ ಆದದ್ದೆಷ್ಟು, ದೇಹ ತಾನೇ ಮಾಡಿಕೊಂಡದ್ದೆಷ್ಟು ಎಂಬುದು ಬೇರೆಯಾಗುತ್ತದೆ.

ನಮ್ಮ ಪಕ್ಕದ ಮಣಿಪಾಲದಲ್ಲೂ ಇದಕ್ಕೆ ಹತ್ತಿರದ ಕೆಲಸ ನಡೆದಿದೆ. ಅಲ್ಲಿನ ಸಂಶೋಧಕರು ಇಲಿಗಳ ಚರ್ಮದ ಗಾಯಕ್ಕೆ ಲೇಸರ್ ಕೊಟ್ಟು, ಮಾಯುತ್ತಿರುವ ಜಾಗದ ಕೊಲಾಜನ್ ತಾನಾಗಿ ಸೂಸುವ ಬೆಳಕನ್ನು ಅಳೆದು ಗುಣವಾಗುವಿಕೆಯನ್ನು ಪರೀಕ್ಷಿಸಿದ್ದಾರೆ. ಆದರೆ ಚರ್ಮದ ಗಾಯ ಬೇರೆ, ಬೆನ್ನುಹುರಿಯ ಗಾಯ ಬೇರೆ.

ಈ ಕ್ಯಾಮರಾಕ್ಕೂ ಮಿತಿ ಉಂಟು. ಅದೂ ಬೆಳಕನ್ನೇ ನಂಬಿರುವುದರಿಂದ ಆಳಕ್ಕೆ ಕಾಣುವುದಿಲ್ಲ. ಹೆಚ್ಚಾಗಿ ಬೆನ್ನುಹುರಿಯನ್ನು ತೆರೆದೇ ನೋಡಬೇಕು. ಹಾಗಾಗಿ ಈ ಅಧ್ಯಯನ ಹೆಚ್ಚಿನಂಶ ಪ್ರಾಣಿಗಳಲ್ಲೇ ಇದೆ. ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಸಣ್ಣವು. ಲೇಸರಿನಿಂದ ಬೆನ್ನುಹುರಿ ಕೂಡಿಕೊಂಡು ರೋಗಿ ನಡೆಯುತ್ತಾನೆ ಎಂದು ಇವತ್ತು ಭರವಸೆ ಕೊಡುವಷ್ಟು ಪುರಾವೆ ಯಾರ ಬಳಿಯೂ ಇಲ್ಲ.

ಹಾಗಂತ ಆಸೆ ಬಿಡಬೇಕಾಗಿಲ್ಲ, ಕೇಳಿ ತಿಳಿಯಬೇಕು. ಲೇಸರ್ ಹೇಳಿದವರಲ್ಲಿ ಮೂರು ಪ್ರಶ್ನೆ ಕೇಳೋಣ: ಯಾವ ತರಂಗದ ಬೆಳಕು, ಎಷ್ಟು ಪ್ರಮಾಣ? ಮನುಷ್ಯರಲ್ಲಿ ಇದರ ಫಲ ತೋರಿಸಿದ ಅಧ್ಯಯನ ಯಾವುದು? ಇದರ ಜೊತೆ ಫಿಸಿಯೋಥೆರಪಿ ಮುಂದುವರಿಯುತ್ತದಾ? ಸಂಶೋಧನೆಯ ಭಾಗವಾಗಿ ಕೊಡುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಮತ್ತು ನಮಗೆ ಅರ್ಥವಾಗುವ ಭಾಷೆಯ ಒಪ್ಪಿಗೆ ಪತ್ರ ಇರಲೇಬೇಕು.

ಬಿದ್ದವರನ್ನು ಎತ್ತಿ ಕೂರಿಸದೆ, ಕುತ್ತಿಗೆ ಬೆನ್ನು ಅಲುಗದಂತೆ ಬಿದ್ದಲ್ಲೇ ಇರಿಸಿ 108ಕ್ಕೆ ಕರೆ ಮಾಡುವುದು, ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬೆನ್ನು ಹುಣ್ಣಾಗದಂತೆ ಕಾಯುವುದು, ಮೂತ್ರದ ಕೊಳವೆ ಶುಚಿಯಾಗಿಡುವುದು, ವ್ಯಾಯಾಮ ತಪ್ಪಿಸದಿರುವುದು. ಇವುಗಳ ಪ್ರಯೋಜನಕ್ಕೆ ಇಲಿಯ ಫಲಿತಾಂಶ ಕಾಯಬೇಕಾಗಿಲ್ಲ. ಬಳೆ ಮಾರುವುದೇ ಆದರೆ ಮೊದಲ ದುಡ್ಡು ಒಳ್ಳೆಯ ಗಾಲಿಕುರ್ಚಿಗೆ, ಫಿಸಿಯೋಥೆರಪಿಗೆ ಹೋಗಲಿ.