ಗಣಕದ ಪರಕಾಯಪ್ರವೇಶ

ಓಲೆಗರಿಯ ಕಟ್ಟು ಮನೆಯಲ್ಲಿ ಭದ್ರವಾಗಿದ್ದರೂ ಅದರ ಲಿಪಿಯನ್ನು ಬಲ್ಲವರಿಲ್ಲದಿದ್ದರೆ ಗ್ರಂಥವು ಇದ್ದೂ ಇಲ್ಲದಂತೆಯೇ ಸರಿ. ಗಣಕಯಂತ್ರದ ಬರಹಗಳಿಗೂ ಈಗ ಇದೇ ಗತಿ ಒದಗಿದೆ. 1990ರ ದಶಕದಲ್ಲಿ ಕನ್ನಡವನ್ನು ಬೆರಳಚ್ಚಿಸುವ ತಂತ್ರಾಂಶಗಳು ಹಲವಿದ್ದವು. ಅಕ್ಷರಗಳಿಗೆ ಒಂದೊಂದೂ ತನ್ನದೇ ಆದ ಸಂಕೇತಗಳನ್ನು ಇಟ್ಟುಕೊಂಡಿತ್ತು. ಅಂದಿನ ಕಡತವನ್ನು ಇಂದಿನ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುವುದುಂಟು. ನಿಮ್ಮೂರ ಸಂಘದ ಸ್ಮರಣ ಸಂಚಿಕೆಯೋ ತಂದೆಯವರು ಬರೆದಿಟ್ಟ ಆತ್ಮವೃತ್ತವೋ ಹೀಗೆ ಮೂಕವಾಗಿ ಕುಳಿತಿದ್ದರೆ ಮಾಡುವುದೇನು?

ಹಳೆಯ ಗಣಕವನ್ನೇ ಹೊಸದರೊಳಗೆ ಎಬ್ಬಿಸಬಹುದು. ಪರಕಾಯಪ್ರವೇಶದ ಕಥೆಗಳನ್ನು ನೀವು ಕೇಳಿಯೇ ಇದ್ದೀರಿ: ದೇಹವು ಬಿದ್ದರೂ ಜೀವವು ಬೇರೊಂದು ಒಡಲನ್ನು ಹೊಗುತ್ತದೆ. ಇಲ್ಲಿ ಜೀವವೆಂದರೆ ಹಳೆಯ ಡಿಸ್ಕಿನ ಮೇಲಿರುವ ಸರ್ವಸ್ವ, ಅಂದರೆ ಆಪರೇಟಿಂಗ್ ಸಿಸ್ಟಂ, ತಂತ್ರಾಂಶ, ಫಾಂಟು, ಕಡತ ಎಲ್ಲವೂ. ಇವನ್ನು ಮೊದಲಿನಿಂದ ಕೊನೆಯವರೆಗೆ ಕ್ರಮ ತಪ್ಪದಂತೆ ನಕಲಿಸಿ ಒಂದೇ ಕಡತವಾಗಿಸಿದರೆ ಅದು ‘ಡಿಸ್ಕ್ ಇಮೇಜ್’, ಡಿಸ್ಕಿನ ಪಡಿಯಚ್ಚು. ಒಡಲೆಂದರೆ ‘ವರ್ಚುವಲ್ ಮೆಷೀನ್’, ಕಲ್ಪಿತ ಯಂತ್ರ. ಇದು ಲೋಹದ್ದಲ್ಲ, ತಂತ್ರಾಂಶದಿಂದಲೇ ಕಟ್ಟಿದ ಗಣಕ. ಡಿಸ್ಕು, ಸ್ಮೃತಿ, ಪರದೆಗಳೆಲ್ಲ ದಿಟವಾಗಿಯೇ ಇವೆಯೆಂದು ಒಳಗಿನ ಸಿಸ್ಟಂ ನಂಬಿ ನಡೆಯುತ್ತದೆ. ವಿಚಾರವೇನೂ ಹೊಸದಲ್ಲ. ಒಂದೇ ದೊಡ್ಡ ಗಣಕವು ಹಲವು ಗಣಕಗಳಂತೆ ವರ್ತಿಸಲೆಂದು ಐಬಿಎಂ ಸಂಸ್ಥೆಯು 1972ರಲ್ಲಿಯೇ ವಿಎಂ/370 ಎಂಬುದನ್ನು ಹೊರತಂದಿತ್ತು.

ವಿಂಡೋಸ್ 98ನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1998ರಲ್ಲಿ ಬಂದ ಅದರ ಪೋಷಣೆಯನ್ನು ಮೈಕ್ರೋಸಾಫ್ಟ್ 2006ರಲ್ಲಿ ನಿಲ್ಲಿಸಿತು. ಕಲ್ಪಿತ ಯಂತ್ರವನ್ನು ಕಟ್ಟಲು ಫ್ಯಾಬ್ರಿಸ್ ಬೆಲಾರ್ ಆರಂಭಿಸಿದ ‘ಕ್ಯೂಇಎಂಯು’ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಪಡಿಯಚ್ಚನ್ನು ಅದಕ್ಕೆ ಐಡಿಇ ಮಾದರಿಯ ಡಿಸ್ಕೆಂದು ಒಪ್ಪಿಸಿರಿ. ಸ್ಮೃತಿಯು 128 ಮೆಗಾಬೈಟ್ ಇದ್ದರೆ ಸಾಕು. ಇಲ್ಲಿ ಔದಾರ್ಯ ಸಲ್ಲದು. 512 ದಾಟಿದರೆ ವಿಂಡೋಸ್ 98 ಏಳಲಾರದೆ ತಡವರಿಸುವುದುಂಟು. ಮೊದಲ ಸಲ ಎದ್ದಾಗ ಅದು ತನ್ನ ಹೊಸ ಅವಯವಗಳನ್ನು ಒಂದೊಂದಾಗಿ ಗುರುತಿಸಿಕೊಳ್ಳುತ್ತದೆ. ನಡುವೆ ತನ್ನ ಮೂಲ ಸಿ.ಡಿ.ಯನ್ನು ಕೇಳಿದರೆ ಒದಗಿಸಬೇಕು. ಆದಕಾರಣ ಹಳೆಯ ಸಿ.ಡಿ.ಯನ್ನೂ ಅದರ ಪರವಾನಗಿ ಚೀಟಿಯನ್ನೂ ಕಸಕ್ಕೆ ಹಾಕಬೇಡಿರಿ.

ಎರಡು ಎಚ್ಚರಿಕೆಗಳು ಅವಶ್ಯ. ಮೂಲ ಪಡಿಯಚ್ಚನ್ನು ಮುಟ್ಟದೆ ಅದರ ಇನ್ನೊಂದು ಪ್ರತಿಯ ಮೇಲೆಯೇ ಕೆಲಸ ಮಾಡಿರಿ; ಎಬ್ಬಿಸಿದ ಕ್ಷಣದಿಂದ ಸಿಸ್ಟಂ ತನ್ನ ಡಿಸ್ಕಿನ ಮೇಲೆ ಬರೆಯತೊಡಗುತ್ತದೆ. ಇನ್ನು, ಅದನ್ನು ಅಂತರಜಾಲಕ್ಕೆ ಜೋಡಿಸಬೇಡಿರಿ. ಇಂದಿನ ಕಳ್ಳರಿಗೆ ಅಂದಿನ ಬೀಗ ಏನೇನೂ ಸಾಲದು.

ಬರಹವು ಕನ್ನಡವಾಗಿ ಕಾಣಿಸಿಕೊಂಡ ಮೇಲೆ ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಪರದೆಯ ಮೂಲದೊಡನೆ ಸಾಲು ಸಾಲಾಗಿ ಹೋಲಿಸಿರಿ. ಒತ್ತಕ್ಷರಗಳು ಪಲ್ಲಟವಾಗುವುದು ಇಲ್ಲಿಯೇ.

ಕಡತವೊಂದನ್ನೇ ಉಳಿಸಿದರೆ ಅಕ್ಷರ ಉಳಿದಂತಾಗದು. ಅದನ್ನು ಓದುವ ಯಂತ್ರವೂ ಉಳಿಯಬೇಕು. ಹಳೆಯ ಡಿಸ್ಕು ತಾನಾಗಿ ಹಾಳಾಗುವವರೆಗೆ ಕಾಯುವುದು ತರವಲ್ಲ. ಇನ್ನೂ ತಿರುಗುತ್ತಿರುವಾಗಲೇ ಅದರ ಪಡಿಯಚ್ಚನ್ನು ತೆಗೆದಿಡಿರಿ.