ಕೆರೆ ನೀರಿನ ಬಣ್ಣ ಬದಲಾಗುವುದೇಕೆ?

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಬೇಸಾಯ, ದನಕರು, ಮೀನು ಎಲ್ಲಕ್ಕೂ ಕೆರೆಯೇ ಆಧಾರ. ವೇಮಗಲ್ ಕಡೆಯ ರೈತರು ಕೆರೆಯ ನೀರು ಹಸಿರಾದರೆ "ಪಾಚಿ ಕಟ್ಟಿದೆ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದುಂಟು. ಆದರೆ ಹಸಿರಿನಲ್ಲಿ ಮೀನು ಬೆಳೆಸುವ ಹಸಿರೂ ಇದೆ, ಮೀನು ಕೊಲ್ಲುವ ಹಸಿರೂ ಇದೆ.

ನೀರಿನಲ್ಲಿ ತೇಲಾಡುವ, ಬಹುಪಾಲು ಬರಿಗಣ್ಣಿಗೆ ಕಾಣದ ಜೀವಿಗಳಿಗೆ ಪ್ಲವಕಗಳೆಂದು ಹೆಸರು. ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಸೂಕ್ಷ್ಮ ಪಾಚಿಗಳು ಸಸ್ಯಪ್ಲವಕಗಳು; ಇವನ್ನು ತಿಂದು ಬದುಕುವ ರೋಟಿಫರ್, ಡಾಫ್ನಿಯಾ, ಸೈಕ್ಲಾಪ್ಸ್ ಮುಂತಾದವು ಪ್ರಾಣಿಪ್ಲವಕಗಳು. ಕಟ್ಲಾ ಮೀನಿಗೆ ಪ್ರಾಣಿಪ್ಲವಕ ಇಷ್ಟ, ಬೆಳ್ಳಿಗೆಂಡೆಗೆ ಸಸ್ಯಪ್ಲವಕ.

ಹಸ್ತ, ಚಿತ್ತೆ ಮಳೆಗಳಲ್ಲಿ ಕೆಮ್ಮಣ್ಣು ಕೊಚ್ಚಿಬಂದು ನೀರು ಕದಡಿರುವಾಗ ಬೆಳಕು ಒಳಗೆ ಇಳಿಯದು. ಆಗ ಪಾಚಿ ಕಡಿಮೆ. ಮಣ್ಣು ತಳ ಸೇರಿದೊಡನೆ, ಹೊಲಗಳಿಂದ ಬಂದ ಗೊಬ್ಬರದ ಸಾರವನ್ನುಂಡು ಡಯಾಟಮ್ ಮತ್ತು ಹಸಿರು ಪಾಚಿಗಳು ಹೆಚ್ಚುತ್ತವೆ. ಅವುಗಳ ಹಿಂದೆಯೇ ಪ್ರಾಣಿಪ್ಲವಕಗಳು ಹೆಚ್ಚಿ ಪಾಚಿಯನ್ನು ಮೇಯ್ದು ನೀರನ್ನು ತಿಳಿಯಾಗಿಸುತ್ತವೆ. ಬೇಸಿಗೆಯಲ್ಲಿ ನೀರು ತಗ್ಗಿ ಬಿಸಿಯೇರಿದಾಗ ನೀಲಿ-ಹಸಿರು ಪಾಚಿಗಳ ಕಾಲ ಬರುತ್ತದೆ. ಸಮುದ್ರದಲ್ಲೂ ಇಂಥದೇ ಸರದಿಯುಂಟು. ಮಂಗಳೂರು ಕರಾವಳಿಯಲ್ಲಿ ಮುಂಗಾರಿನ ವೇಳೆ ಆಳದ ತಣ್ಣನೆಯ, ಸಾರವತ್ತಾದ ನೀರು ಮೇಲೆದ್ದು ಡಯಾಟಮ್‌ಗಳು ವೃದ್ಧಿಯಾಗುತ್ತವೆ. ಬೂತಾಯಿ ಮೀನಿಗೆ ಅದೇ ಮೇವು.

ಕೆರೆ ಒಣಗಿದರೂ ಡಾಫ್ನಿಯಾ, ರೋಟಿಫರ್‌ಗಳ ಗಟ್ಟಿ ಮೊಟ್ಟೆಗಳು ಹೂಳಿನಲ್ಲಿ ಉಳಿದಿದ್ದು ಹೊಸ ನೀರಿಗೆ ಒಡೆಯುತ್ತವೆ. ಹೊಲಕ್ಕೆ ಹೊಡೆಯುವ ಕೆರೆಗೋಡಿನ ಜೊತೆ ಇವೂ ಸಾಗಿಹೋಗುತ್ತವೆಂಬುದನ್ನು ಬಲ್ಲವರು ಕಡಿಮೆ.

ಈ ಸರದಿ ಈಗ ಎಲ್ಲ ಕೆರೆಗಳಲ್ಲೂ ಹಿಂದಿನಂತಿಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರ ಜೂನ್‌ನಲ್ಲಿ ಮೊದಲು ನರಸಾಪುರ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಮುಂದೆ ಒಂದೊಂದಾಗಿ ಇತರ ಕೆರೆಗಳಿಗೆ ಹರಿಯಿತು. ಅಂತರ್ಜಲಕ್ಕೆ ಇದರಿಂದ ಅನುಕೂಲವುಂಟು. ಆದರೆ ಎರಡು ಹಂತದ ಸಂಸ್ಕರಣೆಯಿಂದ ಸಾರಜನಕ, ರಂಜಕಗಳು ಪೂರ್ತಿ ಹೋಗುವುದಿಲ್ಲ. ಇಂಥ ನೀರು ಬೇಸಿಗೆಯಲ್ಲೂ ತುಂಬಿ ನಿಂತರೆ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಗೆ ಹಬ್ಬ. ಅದರ ಕಣಗಳಲ್ಲಿ ಗಾಳಿಯ ಗುಳ್ಳೆಗಳಿರುವುದರಿಂದ ಮೇಲೆ ತೇಲಿ ಉಳಿದ ಪಾಚಿಗೆ ಬೆಳಕು ತಪ್ಪಿಸುತ್ತದೆ. ಪ್ರಾಣಿಪ್ಲವಕಗಳೂ ಅದನ್ನು ಸುಲಭವಾಗಿ ತಿನ್ನಲಾರವು.

ಗುರುತಿಸುವುದು ಕಷ್ಟವಲ್ಲ. ಗಾಜಿನ ಲೋಟದಲ್ಲಿ ನೀರು ತುಂಬಿ ಒಂದು ಗಂಟೆ ಅಲುಗಿಸದೆ ಇಡಬೇಕು. ಹಸಿರು ತರಿ ಮೇಲೆ ಕೆನೆಗಟ್ಟಿದರೆ ನೀಲಿ-ಹಸಿರು ಪಾಚಿಯೆಂದು ಸಂಶಯಪಡಬೇಕು. ಕೆಲವೊಮ್ಮೆ ಇದು ಪಿತ್ತಜನಕಾಂಗಕ್ಕೆ ಹಾನಿ ಮಾಡುವ ವಿಷವನ್ನು ಉಂಟುಮಾಡುವುದರಿಂದ, ಕೆನೆ ಸೇರಿದ ದಡದಲ್ಲಿ ದನ ಕುರಿಗಳಿಗೆ ನೀರು ಕುಡಿಸಬಾರದು.

ಪಾಚಿಯ ದಟ್ಟಣೆ ಅಳೆಯಲು 20 ಸೆಂ.ಮೀ. ಅಗಲದ ತಗಡಿನ ಬಿಲ್ಲೆಗೆ ಕಪ್ಪು-ಬಿಳಿ ಬಣ್ಣ ಬಳಿದು, ಭಾರ ಕಟ್ಟಿ ಹಗ್ಗದಿಂದ ನೀರಿಗೆ ಇಳಿಸಬೇಕು. ನೀರು ಕೆಸರಾಗಿರದಿದ್ದು, 25ರಿಂದ 40 ಸೆಂ.ಮೀ. ಆಳದಲ್ಲಿ ಬಿಲ್ಲೆ ಮರೆಯಾದರೆ ಮೀನಿಗೆ ಆಹಾರ ಸಾಕಷ್ಟಿದೆ. 20 ಸೆಂ.ಮೀ.ಗೂ ಮೊದಲೇ ಮರೆಯಾದರೆ ಸಗಣಿ, ಹಿಂಡಿ ಹಾಕುವುದನ್ನು ನಿಲ್ಲಿಸುವುದು ಲೇಸು. ಹಗಲು ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಬಳಸುತ್ತದೆ. ಮುಂಜಾವಿಗೆ ನೀರಿನಲ್ಲಿ ಉಸಿರಾಟಕ್ಕೆ ಏನೂ ಉಳಿಯದೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. ಎರಡು ಮೂರು ದಿನ ಮೋಡ ಕವಿದರೆ ಅಪಾಯ ಇನ್ನೂ ಹೆಚ್ಚು.

ಮೈಲುತುತ್ತ ಹಾಕಿ ಪಾಚಿಯನ್ನು ಒಮ್ಮೆಗೇ ಕೊಲ್ಲುವ ಆತುರ ಬೇಡ. ಸತ್ತ ಪಾಚಿ ಕೊಳೆಯುವಾಗ ಇದ್ದ ಆಮ್ಲಜನಕವೂ ತೀರಿ, ಪಾಚಿಯೊಳಗಿನ ವಿಷ ನೀರಿಗೆ ಬಿಡುಗಡೆಯಾಗುತ್ತದೆ. ಗಾಳಿಗೆ ಒಂದು ದಡಕ್ಕೆ ಸೇರಿದ ಕೆನೆಯನ್ನು, ಬರಿಗೈ ತಾಗದಂತೆ, ಬಟ್ಟೆಯ ಬಲೆಯಿಂದ ಬಳಿದು ತೆಗೆದು, ಮಳೆ ಬಂದರೂ ಕೆರೆಗೆ ಹರಿಯದಷ್ಟು ದೂರ ಹಾಕಬೇಕು.